ಒಂದು ತಿಂಗಳು ಸತ್ತು ನೋಡಿದವರು

ಸಂಜೆಯಾದರೆ ನನ್ನ ಗಂಡನ ಬಿಳಿ ಮೀಸೆ ಕೆಂಪಾಗಿರುತ್ತಿತ್ತು. ಬಣ್ಣವಲ್ಲ, ಅದಿರಿನ ಧೂಳು. ಸಂಡೂರಿನಿಂದ ಹೊಸಪೇಟೆಗೆ ಲಾರಿಗಳು ಬರುವ ರಸ್ತೆಗೇ ಅವರ ಪಂಚರ್ ಅಂಗಡಿ, ಅದರ ಹಿಂದೆ ಮನೆ. ಗಣಿ ಜೋರಾಗಿದ್ದ ಕಾಲ. ಆ ಜಾಗಕ್ಕೆ ಬಂಗಾರದ ಬೆಲೆ ಬಂದಿತ್ತು. ಅಂಥ ಹೊತ್ತಿನಲ್ಲೇ ನಾನು ಅವರನ್ನು ಮದುವೆಯಾದೆ. ಇಬ್ಬರ ತಲೆಯೂ ನೆರೆತಿತ್ತು. ಹೆಂಡತಿ ತೀರಿದ ಅವರಿಗೆ ಒಬ್ಬ ಮಗ, ಅಂಗಡಿಯ ಮೇಲೆ ಬೇರೆ ಸಂಸಾರ ಮಾಡಿಕೊಂಡಿದ್ದ. ಗಂಡ ತೀರಿದ ನನಗೆ ಕಂಪ್ಲಿಯಲ್ಲಿ ಒಬ್ಬಳು ಮಗಳು.

"ಮುದುಕಿ ಅದಿರಿನ ರೇಟು ನೋಡಿ ಬಂದಾಳ" ಎಂದು ಅವರ ಸೊಸೆ ನನಗೆ ಕೇಳುವಂತೆಯೇ ಅಂದಳು.

"ರೇಟು ನೋಡಿದ್ರ ಗಣಿ ಮಾಲಕನ್ನ ಹಿಡೀತಿದ್ದೆ, ಪಂಚರ್ ಹಾಕೋರನ್ನಲ್ಲ" ಅಂದೆ. ಅವರು ಮೀಸೆ ಕೊಡವಿಕೊಂಡು ನಕ್ಕರು.

ಟ್ಯೂಬಿಗೆ ತೇಪೆ ಹಾಕಿದ ಮೇಲೆ ಅದನ್ನು ನೀರಿನಲ್ಲಿ ಮುಳುಗಿಸದೆ ಅವರು ಯಾರಿಗೂ ಕೊಟ್ಟವರಲ್ಲ. ಡ್ರೈವರು ಎಷ್ಟೇ ಕೂಗಾಡಲಿ, "ತಡೀರಿ, ಗುಳ್ಳಿ ಏಳತೈತೇನು ನೋಡೂನು" ಅನ್ನುತ್ತಿದ್ದರು.

ಮದುವೆಗೆ ಮೊದಲೇ ವಿಲ್ ಬರೆಸಿದರು. ಅಂಗಡಿ ಮಗನಿಗೆ. ಮನೆಯಲ್ಲಿ ನಾನು ಬದುಕಿರುವ ತನಕ ಇರಬೇಕು, ಆಮೇಲೆ ಅದೂ ಮಗನಿಗೇ. "ನಿನ್ನದೂ ಬರೆಸು" ಅಂದರು. ನನ್ನ ಕಂಪ್ಲಿ ಮನೆಯನ್ನು ಮಗಳಿಗೆ ಬರೆಸಿದೆ. ಎರಡನೇ ಕ್ಲಾಸು ಓದಿದವಳು, ಹೆಬ್ಬೆಟ್ಟು ಒತ್ತಲಿಲ್ಲ, ಸಹಿ ಹಾಕಿದೆ.

ಮದುವೆಯಾದ ವರ್ಷವೇ ಒಂದು ದಿನ ಮಗನನ್ನೂ ಸೊಸೆಯನ್ನೂ ಕರೆದು ವಿಲ್ ಓದಿಸಿ ಹೇಳಿದರು: "ಇನ್ನ ಒಂದು ತಿಂಗಳು ನಾ ಸತ್ತೀನಿ ಅಂತ ತಿಳ್ಕೊರಿ. ಇದರಾಗ ಇದ್ದಂಗ ನಡೀರಿ."

"ಬಿಡ್ತು ಅನ್ರಿ, ಮಾವ!" ಎಂದು ಸೊಸೆ ಕೂಗಿದಳು.

"ನಾ ಕುಂಕುಮ ಹಚ್ಚಲ್ಯೋ ಬ್ಯಾಡೋ?" ಅಂತ ನಾನು ಕೇಳಿದೆ.

"ಹಚ್ಕೊ. ಅದು ವಿಲ್ಲಿನಾಗ ಇಲ್ಲ" ಎಂದು ಚೀಲ ಹಿಡಿದು ಕಂಪ್ಲಿ ಬಸ್ಸು ಹತ್ತಿದರು. ಹೋದದ್ದು ನನ್ನ ಮಗಳ ಮನೆಗೆ!

ವಾರವಾಗುವುದರೊಳಗೆ ಮನೆಗೆ ನೀರು ಬರುವುದು ನಿಂತಿತು. ಬೋರ್‌ವೆಲ್ ಇದ್ದದ್ದು ಅಂಗಡಿಯ ಜಾಗದಲ್ಲಿ. "ಅಂಗಡಿ ನಮ್ಮದು, ಬೋರೂ ನಮ್ಮದು" ಅಂದಳು ಸೊಸೆ. ನಾನು ನೆರೆಮನೆಯಿಂದ ಕೊಡ ಹೊತ್ತೆ. ಕಂಪ್ಲಿಗೆ ಸುದ್ದಿ ಕಳಿಸಲಿಲ್ಲ. ಸತ್ತವರಿಗೆ ಫೋನ್ ಹೋಗುತ್ತದೆಯೇ?

ತಿಂಗಳು ಮುಗಿಸಿ ಬಂದವರು ಬಾಗಿಲಲ್ಲಿ ಸಾಲಾಗಿಟ್ಟ ಕೊಡಗಳನ್ನು ನೋಡಿದರು. ಮಗ ತಲೆ ತಗ್ಗಿಸಿ, "ನೀ ಬರೆಸಿದಂಗ ಮಾಡೀನಪ್ಪ" ಅಂದ.

"ಖರೆ. ಗುಳ್ಳಿ ಎದ್ದೈತಿ. ತೇಪಿ ಸರಿ ಹಾಕದವನು ನಾನ" ಅಂದರು. ಬಯ್ಯಲಿಲ್ಲ. ಮರುದಿನವೇ ಹೋಗಿ ಬೋರಿನ ನೀರು, ಮನೆಗೆ ಬರುವ ಅಂಗಡಿ ಪಕ್ಕದ ದಾರಿ ಎರಡನ್ನೂ ಸೇರಿಸಿ ಹೊಸದಾಗಿ ಬರೆಸಿದರು. ಮನೆಯ ರಿಪೇರಿ ಯಾರದು ಎಂದು ಮಗ ಕೇಳಿದ. ಅದನ್ನೂ ಬರೆಸಿದರು.

ಕೆಲವು ವರ್ಷಗಳ ಮೇಲೆ ಅವರು ಖರೆ ಹೋದರು. ಹೆಣದ ಮುಂದೆಯೇ ಆಸ್ತಿಗೆ ಬಡಿದಾಡಿದ ದೊಡ್ಡ ಮನೆತನಗಳನ್ನು ಆ ರೊಕ್ಕದ ಕಾಲದಲ್ಲಿ ಬೇಕಾದಷ್ಟು ನೋಡಿದ್ದೇನೆ. ನಮ್ಮಲ್ಲಿ ಬರೀ ಅತ್ತರು. ಪಂಚರ್ ಹಾಕುವ ನನ್ನ ಗಂಡ ಜಗಳವನ್ನು ತಾವು ಬದುಕಿದ್ದಾಗಲೇ ಆಡಿಸಿ ಮುಗಿಸಿದ್ದರು.

ಮಣ್ಣು ಮಾಡಿ ಬಂದವರಿಗೆ ಕಾಲು ತೊಳೆಯಲು ನೀರು ಬೇಕಿತ್ತು. ನಾನು ಏಳುವ ಮೊದಲೇ ಮಗ ಹೋಗಿ ಬೋರ್ ಚಾಲು ಮಾಡಿದ. "ನೀವು ಕುಂದ್ರಿ, ಅತ್ತಿ" ಎಂದು ಸೊಸೆ ನಲ್ಲಿಯ ಕೆಳಗೆ ಕೊಡ ಇಟ್ಟಳು.