ಹಂಬಲದ ಬೇರು ಕೆದಕಿದ ಅನುಮಾನದಕ್ಕ

ಬೆಳಗಿನ ಆರು ಗಂಟೆ. ನಿನ್ನೆ ತಾವೇ ಹಾಕಿ ಹೋದ ಬೀಗವನ್ನು ಮೂರು ಸಲ ಅಲ್ಲಾಡಿಸಿ ನೋಡಿದ ಮೇಲೆಯೇ ಅನುಮಾನದಕ್ಕ ನಿಘಂಟು ಕಚೇರಿಯ ನೆಲಮಾಳಿಗೆಗೆ ಇಳಿಯುತ್ತಾರೆ. ಒಳಗೆ ಕಾಲಿಟ್ಟವರೇ ಪದಕ್ಕೊಂದರಂತೆ ಬರೆದಿಟ್ಟ ಕಾರ್ಡಿನ ಕಟ್ಟುಗಳನ್ನು ಎಣಿಸುತ್ತಾರೆ. "ಉಪ್ಪಿನ ಡಬ್ಬಿ ಮೇಲೆ ಉಪ್ಪು ಅಂತ ಬರೆದಿದ್ರೂ ನೆಕ್ಕಿ ನೋಡೋಳು ಇವ್ಳು" ಎಂದು ಗಂಡ ನಗುತ್ತಾರೆ. ಕಚೇರಿಯವರು ಇಟ್ಟ ಅಡ್ಡಹೆಸರು ಮನೆಯಲ್ಲೂ ಉಳಿದುಬಿಟ್ಟಿದೆ.

ಇಲ್ಲಿ ತಯಾರಾಗುವುದು ಎಸ್ಪೆರಾಂಟೊ ನಿಘಂಟು. ಹತ್ತಾರು ಭಾಷೆಗಳಿಂದ ಬೇರು ಆಯ್ದು ಕಟ್ಟಿದ ಭಾಷೆ ಅದು. ಯಾವ ಪದ ಎಲ್ಲಿಂದ ಬಂತೆಂದು ಪತ್ತೆ ಹಚ್ಚುವುದು ಅಕ್ಕನ ಕೆಲಸ, ದಿನಕ್ಕೆ ನಲವತ್ತು ಕಾರ್ಡು. ನಕಲು ಬರೆಯಲು ಸೇರಿ ಮೂವತ್ತೊಂದು ವರ್ಷ. ಬರೆಯುತ್ತಲೇ ಭಾಷೆ ಕಲಿತರು, ಕಣ್ಣೂ ಸವೆಸಿಕೊಂಡರು. ಸಂಪುಟಗಳಲ್ಲಿ ಪಂಡಿತರ ಹೆಸರುಗಳು ಸಾಲಾಗಿವೆ, ಇವರದಿಲ್ಲ. ಮೂರು ಪುಸ್ತಕ ಒಂದೇ ಮಾತು ಹೇಳುವವರೆಗೆ ಕಾರ್ಡಿನ ಮೂಲೆಯಲ್ಲಿ ಕೆಂಪು ಚುಕ್ಕೆ, ಇನ್ನೂ ಅನುಮಾನವಿದೆ ಎಂಬ ಗುರುತು. ಆಮೇಲಷ್ಟೇ ಸಹಿ.

ಈ ವಾರದ ಪದ 'ಸೊಪೀರೊ'. ಹಂಬಲ ಎಂದರ್ಥ. ಹಡಗಿನ ದಾರಿ ಕಾಯುತ್ತಿದ್ದ ಹೆಂಗಸರ ಹಾಡಿನಿಂದ ಬಂದದ್ದೆಂದು ಮೂರು ಪುಸ್ತಕಗಳೂ ಹೇಳುತ್ತವೆ. ಪುಟ ಇವತ್ತೇ ಮುದ್ರಣಕ್ಕೆ ಹೋಗಬೇಕು. ಸಂಪಾದಕರು ಬಾಗಿಲಲ್ಲೇ ನಿಂತಿದ್ದಾರೆ.

"ಮೂರು ಸಾಕ್ಷಿ ಸಿಕ್ತಲ್ಲ ಅಕ್ಕಾ, ಸಹಿ ಹಾಕ್ಬಿಡಿ."

"ಮೂವರೂ ಒಂದೇ ರಾಗ ಹಾಡ್ತಿದ್ದಾರೆ ಅಂದ್ರೆ, ಯಾರೋ ಹೇಳ್ಕೊಟ್ಟಿರ್ಬೇಕು."

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವ ಜಾತಿ ಇವರದು. ಹುಡುಕುತ್ತಾರೆ. ಮೂರನೆಯ ಪುಸ್ತಕ ಎರಡನೆಯದನ್ನು ನೋಡಿ ಬರೆದದ್ದು, ಎರಡನೆಯದು ಮೊದಲನೆಯದನ್ನು. ಮೊದಲನೆಯದರ ಅಡಿಟಿಪ್ಪಣಿ ಬೆರಳು ಮಾಡುವುದು ಇದೇ ನೆಲಮಾಳಿಗೆಯ ಹಳೆಯ ಕಾರ್ಡೊಂದರತ್ತ. ಅಕ್ಕ ಅದನ್ನು ಹೊರಗೆಳೆದು ಬೆಳಕಿಗೆ ಹಿಡಿಯುತ್ತಾರೆ. ಕೈಬರಹ ಅವರದೇ, ಕೆಲಸಕ್ಕೆ ಸೇರಿದ ಮೊದಲ ವರ್ಷದ್ದು. ಯಾರೋ ಓದುಗರು ಪತ್ರದಲ್ಲಿ ಊಹಿಸಿದ್ದನ್ನು ನಕಲು ಮಾಡಿ, ಕೆಂಪು ಚುಕ್ಕೆ ಇಡಲು ಮರೆತಿದ್ದಾರೆ. ಬೇರೆ ಭಾಷೆಗಳ ನಿಘಂಟು ತೆರೆದು ನೋಡಿದರೆ, ಫ್ರೆಂಚ್, ಇಟಾಲಿಯನ್ ಭಾಷೆಗಳ ನಿಟ್ಟುಸಿರಿನ ಪದವೇ ಎಸ್ಪೆರಾಂಟೊದಲ್ಲಿ ಹಂಬಲವಾಗಿದೆ. ಹಾಡೂ ಇಲ್ಲ, ಹಡಗೂ ಇಲ್ಲ. ಊರಿನವರನ್ನೆಲ್ಲ ಅನುಮಾನಿಸಿದವರು ತಮ್ಮನ್ನು ಮಾತ್ರ ಬಿಟ್ಟಿದ್ದರು.

"ಸದ್ದಿಲ್ಲದೆ ತಿದ್ದಿದ್ರಾಯ್ತು, ಯಾರಿಗೂ ಗೊತ್ತಾಗಲ್ಲ" ಎನ್ನುತ್ತಾರೆ ಸಂಪಾದಕರು.

ಅಕ್ಕ ಕೆಂಪು ಪೆನ್ನಿನ ಮುಚ್ಚಳ ತೆಗೆದು, ಮೂವತ್ತೊಂದು ವರ್ಷ ತಡವಾಗಿ ಚುಕ್ಕೆ ಇಡುತ್ತಾರೆ.

"ಇಷ್ಟು ವರ್ಷದಲ್ಲಿ ನನ್ನ ಹೆಸರು ನೀವು ಎಲ್ಲೂ ಹಾಕಿಲ್ಲ, ನಾನೂ ಕೇಳಿಲ್ಲ. ಈ ತಪ್ಪನ್ನ ಅಚ್ಚು ಮಾಡಿ, ಅದರ ಕೆಳಗೆ ಹಾಕಿ. ಮುಂದೆ ನೋಡೋರಿಗೆ ಯಾರನ್ನ ಅನುಮಾನಿಸ್ಬೇಕು ಅಂತ ಗೊತ್ತಾಗ್ಲಿ."