ಬ್ರೀಜ್ ಎಂದರೆ ಎಷ್ಟು ಗಾಳಿ

ಮೊನ್ನೆ ಮೊಮ್ಮಗಳ ಮೊಬೈಲಿನಲ್ಲಿ ಹವಾಮಾನದ ಚಿತ್ರದ ಕೆಳಗೆ 'ಬ್ರೀಜ್' ಎಂಬ ಪದ ಕಂಡು ಒಬ್ಬನೇ ನಕ್ಕೆ. ಅದರಲ್ಲಿ ನಗಲು ಏನಿದೆ ಎಂದು ನೀವು ಕೇಳಬಹುದು. ನನ್ನ ಪಾಲಿಗೆ ಆ ಗಾಳಿ ಬೀಸುವುದು ಸಿದ್ಧಕಟ್ಟೆಯ ಹತ್ತಿರದ ನಮ್ಮ ಶಾಲೆಯಲ್ಲಿ, ಐವತ್ತರ ದಶಕದ ಕೊನೆಯಲ್ಲಿ.

ಇಂಗ್ಲಿಷ್ ಕಲಿಸಲು ಕನ್ಯಾನದಿಂದ ಬಂದಿದ್ದ ಇಬ್ರಾಹಿಂ ಮಾಸ್ತರರ ಹುದ್ದೆ ತಾತ್ಕಾಲಿಕ. ಇನ್‌ಸ್ಪೆಕ್ಟರರ ಶರಾ ಚೆನ್ನಾಗಿ ಬಂದರೆ ಖಾಯಂ, ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು. ಬೆತ್ತ ಮುಟ್ಟದ ಮಾಸ್ತರರು ಅವರೊಬ್ಬರೇ ಆದ್ದರಿಂದ ಅವರನ್ನು ಉಳಿಸಿಕೊಳ್ಳುವುದು ನಮ್ಮ ಬೆನ್ನಿನ ಪ್ರಶ್ನೆಯೂ ಆಗಿತ್ತು. ವಾರವಿಡೀ ಪದಗಳ ಅರ್ಥ ಉರು ಹೊಡೆದೆವು. ತರಗತಿಗೇ ಮೊದಲಿಗನಾದ ನನಗೆ ಒಂದೂ ತಪ್ಪುತ್ತಿರಲಿಲ್ಲ. ಆ ಜಂಬ ಈಗಲೂ ಪೂರ್ತಿ ಹೋಗಿಲ್ಲ.

ಇನ್‌ಸ್ಪೆಕ್ಟರರು ಬಂದರು, ನನ್ನನ್ನೇ ಎಬ್ಬಿಸಿದರು.

"ಬ್ರೀಜ್ ಎಂದರೆ?"

"ಮಂದಮಾರುತ ಸಾರ್."

"ಮಂದಮಾರುತ ಎಂದರೆ?"

"ಬ್ರೀಜ್ ಸಾರ್."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಮಾಸ್ತರರ ಮುಖ ಬಾಡಿತು. ನನಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು.

ಆಗ ಹಿಂದಿನ ಬೆಂಚಿನಿಂದ ಗಿರಿಜೆ ಎದ್ದಳು. ಕೊಯ್ಲಿನ ಕಾಲ, ಮನೆಯಂಗಳದಲ್ಲಿ ಭತ್ತ ತೂರಿ ಬಂದವಳ ಕೂದಲಲ್ಲಿ ಹೊಟ್ಟು ಇನ್ನೂ ಉಂಟು.

"ಗೆರಸೆ ಎತ್ತಿ ಭತ್ತ ತೂರ್ತೇವಲ್ಲ ಸಾರ್, ಆಗ ಹೊಟ್ಟು ಹಾರ್ತದೆ, ಕಾಳು ಕಾಲ ಬುಡದಲ್ಲೇ ಬೀಳ್ತದೆ. ಅಷ್ಟು ಗಾಳಿ."

"ಅಷ್ಟು ಗಾಳಿ ಬಾರದಿದ್ದರೆ?"

"ಅಪ್ಪ ಸಿಳ್ಳೆ ಹಾಕಿ ಗಾಳಿಯನ್ನು ಕರೀತಾರೆ. ನಾನೂ ಕರೀತೇನೆ."

"ಹಾಗಾದರೆ ಕರಿ, ನೋಡುವ."

ಗಿರಿಜೆ ಹಿಂದೆಮುಂದೆ ನೋಡಲಿಲ್ಲ. ಶಾಲೆಯ ಹೆಂಚು ಅದುರುವ ಹಾಗೆ ಸಿಳ್ಳೆ ಹಾಕಿದಳು. ಸಿಳ್ಳೆಗೆ ಬಂತೋ, ಬರುವ ಹೊತ್ತಿಗೆ ಬಂತೋ, ಕಿಟಕಿಯಿಂದ ಮೂಡುಗಾಳಿ ನುಗ್ಗಿ ಮೇಜಿನ ಮೇಲಿದ್ದ ಶರಾದ ಕಾಗದ ಬಾಗಿಲಿನಿಂದ ಅಂಗಳಕ್ಕೆ ಹಾರಿತು. ಇನ್‌ಸ್ಪೆಕ್ಟರರು ಧೋತರ ಎತ್ತಿಕೊಂಡು ಅದರ ಹಿಂದೆ ಓಡಿದರು, ಅವರ ಹಿಂದೆ ಮಾಸ್ತರರು, ಮಾಸ್ತರರ ಹಿಂದೆ ನಾವು. ಕಾಗದ ಬೇಲಿಯಲ್ಲಿ ಸಿಕ್ಕಿತು.

"ಇದು ಬ್ರೀಜೇ ಏನಮ್ಮ?" ಎಂದು ಅವರು ಏದುಸಿರು ಬಿಡುತ್ತಾ ಕೇಳಿದರು.

"ಅಲ್ಲ ಸಾರ್, ಇದು ಜೋರಾಯ್ತು. ಇದರಲ್ಲಿ ತೂರಿದರೆ ಭತ್ತವೂ ಹೋಗ್ತದೆ."

ಅವರು ಬೇಲಿ ಹಿಡಿದುಕೊಂಡು ನಕ್ಕರು. ಅಲ್ಲಿಯೇ, ಮೊಣಕಾಲ ಮೇಲೆ ಕಾಗದವಿಟ್ಟು ಶರಾ ಬರೆದರು.

ಅವರು ಹೋದ ಮೇಲೆ ಹೆಡ್‌ಮಾಸ್ತರರು ಬಂದು, "ಇಬ್ರಾಹಿಂ ಮಾಸ್ತ್ರೇ, ಖಾಯಂ ಮಾಡ್ಬಹುದು ಅಂತ ಬರೆದಿದ್ದಾರೆ. ಇನ್ನು ಹೆದರ್ಬೇಡಿ" ಎಂದರು. ಮಾಸ್ತರರು ಕಣ್ಣೊರೆಸಿಕೊಂಡು ನಮ್ಮ ಕಡೆ ತಿರುಗಿ, "ಇವತ್ತು ಪಾಠ ಬೇಡ ಮಕ್ಕಳೇ, ಎಲ್ಲರೂ ಸಿಳ್ಳೆ ಹಾಕುವ" ಎಂದರು. ನಲವತ್ತು ಬಾಯಿಗಳ ಸಂತೋಷ ಅದು! ನನ್ನ ಬಾಯಿಂದ ಮಾತ್ರ ಸದ್ದು ಹೊರಡಲಿಲ್ಲ. ತರಗತಿಗೇ ಮೊದಲಿಗನಿಗೆ ಸಿಳ್ಳೆ ಬರುತ್ತಿರಲಿಲ್ಲ. ಗಿರಿಜೆಯ ಮೇಲೆ ಹೊಟ್ಟೆಕಿಚ್ಚು ಪಟ್ಟೆ. ಅದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಇಷ್ಟು ಬರೆದು ಮನಸ್ಸು ಹಗುರಾಯಿತು. ತುಟಿ ಚೂಪು ಮಾಡಿ ಒಮ್ಮೆ ಊದಿ ನೋಡಿದೆ.

ಅಡುಗೆಮನೆಯಿಂದ ಹೆಂಡತಿ ಕೂಗಿದಳು: "ಯಾರದು ಮಾರಾಯ್ರೇ, ಸಿಳ್ಳೆ ಹಾಕುವುದು?"