ಚರಗದ ದಿನ ನನ್ನ ಹಿಂದೆ

ದೆವ್ವ, ಗಾಳಿ, ಸೋಂಕು ಎಂದರೆ ನಗುತ್ತಿದ್ದವನು ನಾನು. ಸಿಂಧನೂರಿನಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವುದು ನನ್ನ ಕಸುಬು. ಕರೆಂಟೂ ಕಣ್ಣಿಗೆ ಕಾಣುವುದಿಲ್ಲ, ಆದರೆ ಟೆಸ್ಟರ್ ಇಟ್ಟರೆ ದೀಪ ಹತ್ತುತ್ತದೆ. ನಿಮ್ಮ ದೆವ್ವಕ್ಕೂ ಒಂದು ಟೆಸ್ಟರ್ ತನ್ನಿ, ಆಮೇಲೆ ನಂಬುತ್ತೇನೆ ಎಂದು ಎಷ್ಟೋ ಮಂದಿಯನ್ನು ಕಾಡಿಸಿದ್ದೇನೆ. ಈಗ ಹಾಗೆ ಮಾತಾಡುವುದಿಲ್ಲ. ನಂಬಿಬಿಟ್ಟೆ ಎಂದೂ ಅಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನೀವೇ ನೋಡಿ.

ನಮ್ಮೂರು ಸಂತೆಕಲ್ಲೂರು. ಜೋಳ, ತೊಗರಿ ಬಿಟ್ಟರೆ ಬೇರೆ ಬೆಳೆ ಅರಿಯದ ಮಂದಿ ನಾವು. ಕಸುಬಿಗೆಂದು ಸಿಂಧನೂರಿಗೆ ಬಂದವನು ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಹತ್ತಿರ ಮೂರು ಎಕರೆ ಗದ್ದೆಯನ್ನೂ ಲಾವಣಿಗೆ, ಅಂದರೆ ಗುತ್ತಿಗೆಗೆ, ಹಿಡಿದೆ. ಗದ್ದೆ ಕ್ಯಾಂಪಿನ ಒಂದು ಬಂಗಾಳಿ ಮನೆಯವರದು. ಆ ಮನೆಯ ಹಿರಿಯಳನ್ನು ಮೊಮ್ಮಕ್ಕಳು ಠಾಕುಮಾ ಎನ್ನುತ್ತಿದ್ದರು, ಅಜ್ಜಿ ಎಂದರ್ಥ. ನಾನೂ ಹಾಗೇ ಕರೆಯುತ್ತಿದ್ದೆ, ಅವಳು ನನ್ನನ್ನು ಮಗನಂತೆ ಬಾಬಾ ಎನ್ನುತ್ತಿದ್ದಳು. ಚಿಕ್ಕ ಹುಡುಗಿಯಾಗಿದ್ದಾಗ ಬಂಗಾಳದ ಗಡಿ ದಾಟಿ ಬಂದವಳು. ಕನ್ನಡದಲ್ಲಿ ಬೈಯಲು ನಿಂತರೆ ನಮ್ಮವರೇ ಸೋಲಬೇಕು. ಭತ್ತಕ್ಕೆ ನೀರು ಯಾವಾಗ ಕಟ್ಟಬೇಕು, ಯಾವಾಗ ಬಿಡಬೇಕು ಎಂದು ನನಗೆ ಕಲಿಸಿದ್ದೇ ಅವಳು.

ಆ ವರ್ಷ ನನ್ನ ಹೆಂಡತಿ ಎಂಟು ತಿಂಗಳ ಬಸುರಿ. ಹಿಂದೆ ಎರಡು ಸಲ ಬಸುರು ನಿಂತಿರಲಿಲ್ಲ. ಮನೆಯಲ್ಲಿ ಯಾರೂ ಕೂಸಿನ ಮಾತನ್ನು ಜೋರಾಗಿ ಆಡುತ್ತಿರಲಿಲ್ಲ, ಅಷ್ಟು ಅಂಜಿಕೆ. ಅಷ್ಟರಲ್ಲಿ ಎಳ್ಳಮಾವಾಸ್ಯೆ ಬಂತು. ಅಂದು ಭೂಮಿತಾಯಿ ಬಸುರಿ, ಅವಳ ಬಯಕೆ ತೀರಿಸಬೇಕೆಂದು ನಮ್ಮ ಕಡೆ ಹೊಲಕ್ಕೆ ಚರಗ ಚೆಲ್ಲುತ್ತಾರೆ. ಒಬ್ಬರು ಮುಂದೆ ಕಡುಬು, ಭಜ್ಜಿ, ಅನ್ನ ಕಲಸಿದ್ದನ್ನು ಚೆಲ್ಲುತ್ತ, “ಹುಲ್ಲುಲ್ಲಿಗೋ” ಎಂದು ಕೂಗುತ್ತ ಹೊಲ ಸುತ್ತಬೇಕು. ಇನ್ನೊಬ್ಬರು ಹಿಂದೆ ತಂಬಿಗೆಯಿಂದ ನೀರು ಹಾಕುತ್ತ ಬರಬೇಕು. ನಮ್ಮ ಮನೆತನದಲ್ಲಿ ಇನ್ನೊಂದು ಕಟ್ಟು ಇದೆ: ಸುತ್ತು ಮುಗಿಯುವ ತನಕ ಮುಂದಿನವನು ಹಿಂತಿರುಗಿ ನೋಡಬಾರದು. ನೋಡಿದರೆ ಮನೆಯ ಬಸುರಿಗೆ ಕೇಡು.

ನೀರು ಹಾಕಲು ಮಸ್ಕಿಯಿಂದ ಅಕ್ಕ ಬರಬೇಕಿತ್ತು, ಹಿಂದಿನ ದಿನವೇ ಅವಳು ಹೊರಗಾದಳು. ಅವ್ವನಿಗೆ ಮೊಣಕಾಲು ನೋವು, ಬದುವಿನ ಮೇಲೆ ನಡೆಯಲಾಗದು. ಸುದ್ದಿ ಕೇಳಿ ಠಾಕುಮಾ ತಾನಾಗಿಯೇ ಹೇಳಿದಳು: “ನಾ ಬರ್ತೀನಿ ಬಾಬಾ. ನಮ್ಮಲ್ಲೂ ಹೊಸ ಅಕ್ಕಿ ಬಂದಾಗ ಮೊದಲ್ನೇ ತುತ್ತು ನಾವು ತಿನ್ನಂಗಿಲ್ಲ. ಸತ್ತು ಹೋದೋರಿಗೆ ಇಡ್ತೀವಿ, ನೀರೂ ಇಡ್ತೀವಿ. ನನಗಿದು ಹೊಸಾದಲ್ಲ.”

ಅವ್ವ ಒಪ್ಪಲಿಲ್ಲ. “ಮೀನ ತಿನ್ನೋರ ಕೈನೀರು ಭೂತಾಯಿ ಮುಟ್ತಾಳೇನು? ಹೊಟ್ಟ್ಯಾಗ ಕೂಸೈತಿ, ನೆನಪಿರ್ಲಿ” ಎಂದಳು. ದೆವ್ವಕ್ಕೆ ಅಂಜದ ಶೂರ ನಾನು ಈ ಮಾತಿಗೆ ಅಂಜಿದೆ. ಮುಕ್ಕುಂದದಿಂದ ಚಿಕ್ಕಮ್ಮ ಬರುತ್ತಾಳೆ ಎಂದು ಠಾಕುಮಾಗೆ ಸುಳ್ಳು ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿ, “ಆಗ್ಲಿ” ಎಂದಳು.

ಅಮಾವಾಸ್ಯೆಯ ಮಧ್ಯಾಹ್ನ ಒಬ್ಬನೇ ಹೋದೆ. ಕೊಯ್ಲು ಮುಗಿದು ಗದ್ದೆಯಲ್ಲಿ ಬರೀ ಕೂಳೆ. ಕಾಲುವೆ ನೀರು ನಿಂತು ಬಹಳ ದಿನವಾಗಿ ಬದುಗಳು ಬಿರುಕು ಬಿಟ್ಟಿದ್ದವು. ತುಂಬಿದ ತಂಬಿಗೆಯನ್ನು ಬೇವಿನ ಮರದ ಬುಡಕ್ಕಿಟ್ಟೆ. ಸುತ್ತು ಮುಗಿದ ಮೇಲೆ ಒಮ್ಮೆಗೇ ಸುರಿದುಬಿಡು ಎಂದು ಅವ್ವ ಹೇಳಿದ್ದಳು. ಚರಗದ ಪುಟ್ಟಿ ಹಿಡಿದು ಹೊರಟೆ.

ಮೊದಲ ಮೂಲೆ ತಿರುಗಿದಾಗ ಹಿಂದೆ ನೀರು ಬಿದ್ದ ಸಪ್ಪಳ ಕೇಳಿತು. ಒಣಮಣ್ಣಿನ ಮೇಲೆ ಒಂದು ಬೊಗಸೆ ನೀರು ಬಿದ್ದಂತೆ. ನಾಲ್ಕು ಹೆಜ್ಜೆ ನಡೆದೆ, ಮತ್ತೆ ಕೇಳಿತು. ಜತೆಗೆ ಬರಿಗಾಲಿನ ನಡಿಗೆ. ಠಾಕುಮಾ ಬಂದೇಬಿಟ್ಟಳು ಎಂದುಕೊಂಡೆ. ನಾಚಿಕೆಯಾಯಿತು, ಸಮಾಧಾನವೂ ಆಯಿತು.

“ಠಾಕುಮಾ, ಸಿಟ್ಟಾಗ್ಬ್ಯಾಡ. ನಾ ಸುಳ್ಳು ಹೇಳಿದ್ದೆ” ಎಂದೆ. ಮತ್ತೆ ನೀರು ಬಿದ್ದ ಸಪ್ಪಳ.

ಉಬ್ಬಸದ ಠಾಕುಮಾ ಹತ್ತು ಹೆಜ್ಜೆಗೊಮ್ಮೆ ಕೆಮ್ಮುವವಳು. ಹಿಂದಿನಿಂದ ಕೆಮ್ಮು ಕೇಳಲಿಲ್ಲ. ನಾನು ನಿಂತರೆ ಹೆಜ್ಜೆಯೂ ನಿಲ್ಲುತ್ತಿತ್ತು. ಉತ್ತರಕ್ಕೆ ನಡೆಯುತ್ತಿದ್ದೆ, ಬಿಸಿಲು ಬೆನ್ನಿಗಿತ್ತು, ನೆರಳು ಮುಂದೆ ಬೀಳುತ್ತಿತ್ತು. ಹೆಜ್ಜೆ ಬೆನ್ನಿಗೆ ಹತ್ತಿಕೊಂಡಂತೆ ಕೇಳುತ್ತಿತ್ತು, ನೆರಳು ಮಾತ್ರ ನನ್ನದೊಂದೇ.

ಅಲ್ಲಿಂದ ಮುಂದೆ ಕೂಗದೆ ಬರೀ ಚೆಲ್ಲುತ್ತ ನಡೆದೆ. ಪುಟ್ಟಿ ಬಿಸಾಕಿ ಓಡಬೇಕೆನಿಸಿತು, ಒಮ್ಮೆ ತಿರುಗಿ ನೋಡಿದರೆ ಈ ಹಿಂಸೆ ಮುಗಿಯುತ್ತದೆ ಎನಿಸಿತು. ಕುತ್ತಿಗೆ ಅರ್ಧ ತಿರುಗಿಯೂ ಇತ್ತು. ಹೆಂಡತಿಯ ಹೊಟ್ಟೆ ಕಣ್ಣ ಮುಂದೆ ಬಂತು. ಇದೆಲ್ಲ ಸುಳ್ಳೆಂದು ಸಾವಿರ ಸಲ ಹೇಳಿದವನು, ಸುಳ್ಳಲ್ಲದಿದ್ದರೆ ಗತಿಯೇನು ಎಂದು ಅವತ್ತು ಅಂಜಿದೆ. ಉಳಿದ ಎರಡು ಬದುಗಳನ್ನು ಹೇಗೆ ನಡೆದೆನೋ ನನಗೇ ಗೊತ್ತಿಲ್ಲ.

ಬೇವಿನ ಮರ ಮುಟ್ಟಿ ತಿರುಗಿದೆ. ಯಾರೂ ಇರಲಿಲ್ಲ. ಬೋಳು ಗದ್ದೆ, ಅಡಗಲು ಒಂದು ಪೊದೆಯೂ ಇಲ್ಲ. ಆದರೆ ನಾನು ಬಂದ ದಾರಿಯುದ್ದಕ್ಕೂ ನಾಲ್ಕು ಹೆಜ್ಜೆಗೊಂದು ಹಸಿ ಮಚ್ಚೆಯಿತ್ತು. ಕೈಯಿಟ್ಟು ನೋಡಿದೆ, ನೀರೇ. ನನ್ನ ತಂಬಿಗೆ ಇಟ್ಟ ಜಾಗದಲ್ಲಿ ಇಟ್ಟ ಹಾಗೇ ತುಂಬಿತ್ತು.

ಅಲ್ಲಿಂದ ಸೀದಾ ಕ್ಯಾಂಪಿಗೆ ಹೋದೆ. ಠಾಕುಮಾ ಅಂಗಳದಲ್ಲಿ ಕೂತು ಭತ್ತ ಹಸನು ಮಾಡುತ್ತಿದ್ದಳು. ಬೆಳಗಿನಿಂದ ಕದಲಿಲ್ಲವೆಂದು ಸೊಸೆ ಹೇಳಿದಳು. ನಡೆದದ್ದನ್ನು ಹೇಳಿದೆ, ಸುಳ್ಳನ್ನೂ ಒಪ್ಪಿಕೊಂಡೆ. ಅವಳ ಕೈಯಲ್ಲಿದ್ದ ಮೊರ ನಿಂತಿತು.

“ತಿರುಗಿ ನೋಡಿದ್ಯಾ?”

“ಇಲ್ಲ.”

“ಚಲೋ ಆತು” ಎಂದು ಮೊರ ಪಕ್ಕಕ್ಕಿಟ್ಟಳು. “ಗಡಿ ದಾಟಿ ಬರೋವಾಗ ನಮ್ಮಜ್ಜಿ ದಾರ್ಯಾಗ ಸತ್ಲು. ನೀರು ನೀರು ಅಂತಿದ್ಲು. ಯಾವೂರವ್ರೂ ಬಾವಿ ಮುಟ್ಟಾಕ ಬಿಡ್ಲಿಲ್ಲ. ವರ್ಷಾ ವರ್ಷಾ ಆಕಿಗೆ ನೀರಿಡ್ತೀನಿ. ಆಕೀನೇ ಬಂದಿರ್ಬೇಕು.”

ಮನೆಗೆ ಬಂದು ಅವ್ವನಿಗೆ ಹೇಳಿದರೆ ಅವಳು ಕೈ ಮುಗಿದು, “ನಮ್ಮ ಭೂತಾಯಿ ಬಂದಾಳ, ಮತ್ಯಾರು ಬರ್ತಾರ” ಎಂದಳು. ಬಾವಿಯ ಮಾತನ್ನೂ ಹೇಳಿದೆ. ಅವತ್ತು ರಾತ್ರಿ ಅವಳು ಊಟಕ್ಕೆ ಏಳಲಿಲ್ಲ. ತಿಂಗಳು ತುಂಬಿ ಹೆಣ್ಣು ಕೂಸು ಹುಟ್ಟಿತು, ಗಟ್ಟಿಮುಟ್ಟಾಗಿ. ಮೀಯಿಸಲು ಠಾಕುಮಾಳನ್ನು ಅವ್ವನೇ ಕರೆಸಿದಳು.

ಮರುವರ್ಷ ಅಮಾವಾಸ್ಯೆಗೆ ನಾನೇ ಕ್ಯಾಂಪಿಗೆ ಹೋಗಿ ಠಾಕುಮಾಳನ್ನು ಕರೆದೆ. ತಂಬಿಗೆಗೆ ನೀರನ್ನು ಅವ್ವ ತನ್ನ ಕೈಯಿಂದಲೇ ತುಂಬಿಕೊಟ್ಟಳು. ಮುಂದೆ ನಾನು, ಹಿಂದೆ ಅವಳು. ಈ ಸಲ ಕೆಮ್ಮು ಕೇಳುತ್ತಿತ್ತು, ಮನಸ್ಸು ಹಗುರವಾಗಿತ್ತು. ಮೊದಲ ಮೂಲೆ ತಿರುಗಿದ ಮೇಲೆ ನೀರಿನ ಸಪ್ಪಳವೂ ಶುರುವಾಯಿತು. ಸ್ವಲ್ಪ ಹೊತ್ತಿಗೆ ಕೆಮ್ಮು ದೂರವಾದಂತೆ ಅನಿಸಿತು. ಮುದುಕಿ, ಹಿಂದೆ ಬಿದ್ದಿದ್ದಾಳೆ ಎಂದುಕೊಂಡೆ. ಆದರೆ ನೀರಿನ ಸಪ್ಪಳ ನನ್ನ ಹಿಮ್ಮಡಿಯ ಹತ್ತಿರವೇ ಇತ್ತು.

“ಬಾಬಾ, ತಿರುಗಬ್ಯಾಡ. ನಡಿ” ಎಂದು ಅವಳು ದೂರದಿಂದ ಕೂಗಿದಳು. ಅವಳ ದನಿ ಅಷ್ಟು ನಡುಗಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

ಬೇವಿನ ಮರ ಮುಟ್ಟಿ ತಿರುಗಿದಾಗ ಬದುವೆಲ್ಲ ಹಸಿ. ಠಾಕುಮಾ ಇಪ್ಪತ್ತು ಹೆಜ್ಜೆ ಹಿಂದೆ ತಂಬಿಗೆಯನ್ನು ಎದೆಗವಚಿಕೊಂಡು ಬರುತ್ತಿದ್ದಳು. ಅದರಲ್ಲಿ ನೀರು ಕಂಠಮಟ ಹಾಗೇ ಇತ್ತು.

“ನಾ ಒಂದು ಹನೀನೂ ಹಾಕಿಲ್ಲ. ಹಾಕ್ಬೇಕು ಅನ್ನೂದ್ರಾಗ ನನ್ನ ಮುಂದ ನೆಲ ಹಸಿ ಆಕ್ಕೋಂತ ಹೋತು” ಎಂದಳು. ಯಾರನ್ನಾದರೂ ಕಂಡೆಯಾ ಎಂದರೆ ತಲೆಯಾಡಿಸಿದಳು. ಹೌದೆಂದಳೋ ಇಲ್ಲವೆಂದಳೋ ನನಗೆ ತಿಳಿಯಲಿಲ್ಲ, ಎರಡನೇ ಸಲ ಕೇಳುವ ಧೈರ್ಯವಾಗಲಿಲ್ಲ.

ಈಗಲೂ ಪ್ರತಿ ವರ್ಷ ಚರಗ ಚೆಲ್ಲುತ್ತೇವೆ. ಬಂದದ್ದು ಅವರ ಅಜ್ಜಿಯೋ ನಮ್ಮ ಭೂತಾಯಿಯೋ ಎಂದು ಇಬ್ಬರು ಮುದುಕಿಯರೂ ವಾದ ಮಾಡುವುದನ್ನು ಬಿಟ್ಟಿದ್ದಾರೆ. ನನ್ನ ಟೆಸ್ಟರ್ ಅಂಗಡಿಯಲ್ಲಿದೆ, ಅದರಿಂದ ಇಲ್ಲೇನೂ ಆಗುವಂತಿಲ್ಲ. ಮುಂದೆ ನಾನು ಹೊರಡುತ್ತೇನೆ, ತುಂಬಿದ ತಂಬಿಗೆ ಹಿಡಿದು ಠಾಕುಮಾ ಬರುತ್ತಾಳೆ. ನಡುವೆ ಇಪ್ಪತ್ತು ಹೆಜ್ಜೆ ಜಾಗ ಬಿಟ್ಟು ನಡೆಯುತ್ತೇವೆ.